ನಕ್ಷೆ ಬೇಡಿದ ಯಂತ್ರಗಳು

ಮೇಜಿನ ಮೇಲಿನ ಗಣಕಯಂತ್ರದಲ್ಲಿ ನಕ್ಷೆ ಬರೆಯುವ ತಂತ್ರಾಂಶವೊಂದನ್ನು ಹಿಂದೆ ಕೊಂಡು ತಂದವರಿಗೆ, ಅದರ ಪೆಟ್ಟಿಗೆಯ ಬೆನ್ನಿನ ಮೇಲೆ ಅಚ್ಚಾಗಿರುತ್ತಿದ್ದ ಒಂದು ಚಿಕ್ಕ ಪಟ್ಟಿಯ ನೆನಪಿರಬಹುದು. ಇಂತಿಷ್ಟು ವೇಗದ ಪ್ರೊಸೆಸರ್, ಇಂತಿಷ್ಟು ಸ್ಮರಣೆ, ಡಿಸ್ಕಿನಲ್ಲಿ ಇಂತಿಷ್ಟು ಸ್ಥಳ, ಇಂಥ ತೆರೆ. ಇವಿದ್ದರೆ ಸರಿ, ಇಲ್ಲದಿದ್ದರೆ ಪೆಟ್ಟಿಗೆಯನ್ನು ಬಿಚ್ಚದಿರುವುದೇ ಲೇಸು ಎಂಬುದು ಅದರ ತಾತ್ಪರ್ಯ. ಮದುವೆಯ ಅಡಿಗೆಗೆ ಅಡಿಗೆಭಟ್ಟರು ಬರೆದುಕೊಡುವ ಸಾಮಾನಿನ ಪಟ್ಟಿಯಂತೆ ಅದು. ಓದಲು ರುಚಿಯಿಲ್ಲ, ಆದರೆ ಅದರಲ್ಲಿ ಒಂದು ಕೊರತೆಯಾದರೂ ಊಟ ಕೆಟ್ಟಿತು.

ಇಂಥ ನೀರಸವಾದ ಪಟ್ಟಿಗೂ ಒಂದು ಚರಿತ್ರೆಯುಂಟು. ಅದು ಗಣಕಯಂತ್ರಕ್ಕಿಂತ ಬಹಳ ಹಿಂದಿನದು. ಪ್ರತಿಯೊಂದು ಕಾಲದಲ್ಲಿಯೂ ನಕ್ಷೆಯು ತನ್ನನ್ನು ಬರೆಯುವವನಿಂದ ಕೆಲವು ಸಲಕರಣೆಗಳನ್ನು ಬೇಡಿದೆ. ಆ ಸಲಕರಣೆಗಳು ಯಾರ ಉಗ್ರಾಣದಲ್ಲಿದ್ದುವೋ ಅವರೇ ನಕ್ಷೆಯ ಒಡೆಯರಾದರು. ಯಾವ ಊರು ಕಾಣಬೇಕು, ಯಾವುದು ಮರೆಯಾಗಬೇಕು, ಕಂಡ ಊರಿಗೆ ಯಾವ ಹೆಸರಿಡಬೇಕು ಎಂಬುದನ್ನೆಲ್ಲ ಅವರೇ ತೀರ್ಮಾನಿಸಿದರು. ಆದುದರಿಂದ ನಕ್ಷೆ ಬೇಡಿದ ಯಂತ್ರಗಳ ಕಥೆಯೆಂದರೆ, ನಕ್ಷೆಯ ಒಡೆತನ ಕೈಯಿಂದ ಕೈಗೆ ಬಂದ ಕಥೆಯೂ ಹೌದು.

ಬೆಂಗಳೂರಿನ ಸರಪಳಿ

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನ ಬಯಲಿನಲ್ಲಿಯೇ. ಶ್ರೀರಂಗಪಟ್ಟಣದ ಪತನವಾದದ್ದು ೧೭೯೯ರಲ್ಲಿ. ಟಿಪ್ಪು ಸುಲ್ತಾನನ ರಾಜ್ಯವನ್ನು ಹಂಚಿಯಾದ ಮೇಲೆ, ಹಂಚಿದ್ದು ಎಷ್ಟು ಎಂಬುದನ್ನು ಅಳೆದು ನೋಡುವ ಅವಶ್ಯಕತೆ ಕಂಪನಿ ಸರಕಾರಕ್ಕೆ ತೋರಿತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡ. ಅದೇ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಗೆ ಇನ್ನೂ ದೊಡ್ಡದೊಂದು ಹಂಬಲ: ತ್ರಿಕೋನಗಳ ಜಾಲವನ್ನು ದಕ್ಷಿಣ ಹಿಂದೂಸ್ಥಾನದ ಮೇಲೆಲ್ಲ ಹಾಸಿ, ಆ ನೆವದಲ್ಲಿ ಭೂಮಿಯ ಆಕಾರವನ್ನೇ ಅಳೆಯಬೇಕೆಂದು.

ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದ ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಆ ಮೊದಲನೆಯ ಭುಜವನ್ನು ಮಾತ್ರ ನೆಲದ ಮೇಲೆ ನಡೆದೇ ಅಳೆಯಬೇಕು. ೧೮೦೦ರ ಕೊನೆಯಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿ ಮೀರಿದ ಅಂಥ ಒಂದು ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಚೀನಾ ದೇಶದ ಚಕ್ರವರ್ತಿಗೆಂದು ಹೋಗಿ, ಅಲ್ಲಿ ಸಲ್ಲದೆ ಹಿಂದೂಸ್ಥಾನಕ್ಕೆ ಬಂದಿದ್ದ ಸರಪಳಿ ಅದು. ಇದು ಒಂದು ಬಗೆಯ ಕೈಪಳಗಿಸುವ ಕೆಲಸ. ಮಹಾ ತ್ರಿಕೋನಮಿತಿ ಮೋಜಣಿಯ ಆರಂಭವೆಂದು ಗಣಿಸುವುದು ೧೮೦೨ರ ಏಪ್ರಿಲ್ ೧೦ರಂದು ಮದರಾಸಿನಲ್ಲಿ ಪ್ರಾರಂಭವಾದ ಆಧಾರರೇಖೆಯನ್ನು. ಕೋನಗಳನ್ನು ಅಳೆಯಲು ಇಂಗ್ಲೆಂಡಿನಿಂದ ತರಿಸಿದ ಥಿಯೊಡೊಲೈಟ್ ಯಂತ್ರದ ಅಡ್ಡಚಕ್ರದ ವ್ಯಾಸವೇ ೩೬ ಅಂಗುಲ. ತೂಕ ಸುಮಾರು ಅರ್ಧ ಟನ್. ಅದನ್ನು ಹೊತ್ತ ಹಡಗನ್ನು ದಾರಿಯಲ್ಲಿ ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಆಮೇಲೆ, ಇದು ಯುದ್ಧದ ಸಾಮಗ್ರಿಯಲ್ಲವೆಂದು ಮನಗಂಡು ಮದರಾಸಿಗೆ ಕಳುಹಿಸಿಕೊಟ್ಟರು.

ಮದರಾಸಿನಿಂದ ತ್ರಿಕೋನ ತ್ರಿಕೋನವಾಗಿ ಲೆಕ್ಕ ಹಾಕುತ್ತ ಬಂದು, ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೊಮ್ಮೆ ರೇಖೆಯನ್ನು ಅಳೆದು ತಾಳೆ ನೋಡಿದಾಗ, ಏಳು ಮೈಲಿಯ ಉದ್ದದಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಈ ‘ಕೆಲವೇ ಅಂಗುಲ’ವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಪ್ರಸ್ತಾಪ ಬರುವುದಿದೆ.

ಆ ಕಾಲದ ಪಟ್ಟಿಯಲ್ಲಿ ಇನ್ನೊಂದು ಬಾಬು ಉಂಟು. ಕೋನಗಳನ್ನು ಅಳೆದು ತಂದರಾಗಲಿಲ್ಲ. ರಾಶಿ ರಾಶಿ ಅಂಕಿಗಳನ್ನು ಕುಳಿತು ಲೆಕ್ಕ ಹಾಕುವವರು ಬೇಕು. ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’. ಇಂದು ಯಂತ್ರಕ್ಕೆ ಸಲ್ಲುವ ಹೆಸರು ಅಂದು ಮನುಷ್ಯನಿಗೆ ಸಲ್ಲುತ್ತಿತ್ತು. ೧೮೩೧ರಲ್ಲಿ ತಿಂಗಳಿಗೆ ಮೂವತ್ತು ರೂಪಾಯಿ ಸಂಬಳದ ಮೇಲೆ ಈ ಹುದ್ದೆಗೆ ಸೇರಿದ ರಾಧಾನಾಥ ಸಿಕ್ದಾರ್ ಎಂಬ ಬಂಗಾಳಿ ತರುಣನು ಮುಂದೆ ಮುಖ್ಯ ಗಣಕನಾದ. ಹದಿನೈದನೆಯ ಶಿಖರವೆಂದು ಕಡತಗಳಲ್ಲಿ ಗುರುತಾಗಿದ್ದ ಹಿಮಾಲಯದ ಕೋಡು ೨೯,೦೦೨ ಅಡಿ ಎತ್ತರದ್ದು, ಜಗತ್ತಿನಲ್ಲೆಲ್ಲ ಅತ್ಯುನ್ನತವಾದುದು ಎಂದು ೧೮೫೬ರಲ್ಲಿ ಪ್ರಕಟವಾಯಿತಷ್ಟೆ. ಆ ಲೆಕ್ಕದಲ್ಲಿ ಅವನ ಪಾಲು ದೊಡ್ಡದು. ಶಿಖರಕ್ಕೆ ಹೆಸರು ಬಂದದ್ದು ಮಾತ್ರ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ್ದ ಎವರೆಸ್ಟ್ ಸಾಹೇಬನದು. ನಕ್ಷೆಯ ಒಡೆತನ ಎಂದರೆ ಏನೆಂಬುದಕ್ಕೆ ಇದಕ್ಕಿಂತ ಎತ್ತರದ ನಿದರ್ಶನ ಸಿಗಲಾರದು.

ಹಾಗಾದರೆ ಹತ್ತೊಂಬತ್ತನೆಯ ಶತಮಾನದ ಪಟ್ಟಿ ಇಷ್ಟು: ಒಂದು ಸರಪಳಿ, ಅರ್ಧ ಟನ್ನಿನ ಒಂದು ಯಂತ್ರ, ಅದನ್ನು ಬೆಟ್ಟದ ತುದಿಗೆ ಹೊರುವ ಆಳುಗಳು, ಲೆಕ್ಕ ಹಾಕುವ ಕಂಪ್ಯೂಟರುಗಳು, ತಾಮ್ರದ ತಗಡಿನ ಮೇಲೆ ಕೊರೆಯುವ ಕುಶಲಿಗಳು, ಇವೆಲ್ಲಕ್ಕೂ ಹಿಂದೆ ಒಂದು ಖಜಾನೆ, ಒಂದು ಸೈನ್ಯ. ಸಾಮಾನ್ಯ ಗೃಹಸ್ಥನು ನಕ್ಷೆ ಬರೆಯುವ ಮಾತು ದೂರವೇ ಉಳಿಯಿತು.

ವಿಮಾನದಲ್ಲಿ ನಡೆದ ಒಂದು ಮಾತುಕತೆ

ಗಣಕಯಂತ್ರಕ್ಕೂ ನಕ್ಷೆಗೂ ಗಟ್ಟಿಯಾದ ನಂಟು ಬೆಳೆದದ್ದು ೧೯೬೦ರ ದಶಕದಲ್ಲಿ, ಕೆನಡಾ ದೇಶದಲ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ರೋಜರ್ ಟಾಮ್ಲಿನ್‌ಸನ್ ಎಂಬಾತ ಒಟ್ಟಾವಾ ನಗರದ ಒಂದು ವೈಮಾನಿಕ ಮೋಜಣಿ ಸಂಸ್ಥೆಯಲ್ಲಿದ್ದ. ಆಫ್ರಿಕದ ಕೀನ್ಯಾದಲ್ಲಿ ಮರದ ತೋಪುಗಳನ್ನು ಬೆಳೆಸಲು ತಕ್ಕ ಸ್ಥಳವನ್ನು ಹುಡುಕಿಕೊಡುವ ಕೆಲಸ ಆ ಸಂಸ್ಥೆಗೆ ಬಂದಿತ್ತು. ಮಣ್ಣಿನ ನಕ್ಷೆ, ಮಳೆಯ ನಕ್ಷೆ, ಇಳಿಜಾರಿನ ನಕ್ಷೆ, ದಾರಿಗಳ ನಕ್ಷೆ, ಇವನ್ನೆಲ್ಲ ಒಂದರ ಮೇಲೊಂದಿಟ್ಟು ಎಲ್ಲ ಗುಣಗಳೂ ಕೂಡುವ ಜಾಗವನ್ನು ಕಂಡುಹಿಡಿಯಬೇಕು. ಕೈಯಿಂದ ಮಾಡಿಸಿದರೆ ಆಗುವ ವೆಚ್ಚವನ್ನು ಕೇಳಿಯೇ ಆ ಕೆಲಸ ಕೈಬಿಟ್ಟುಹೋಯಿತು. ಟಾಮ್ಲಿನ್‌ಸನ್ನನ ತಲೆಯಲ್ಲಿ ಮಾತ್ರ ಪ್ರಶ್ನೆ ಉಳಿಯಿತು: ನಕ್ಷೆಯನ್ನು ಅಂಕಿಗಳನ್ನಾಗಿ ಮಾಡಿ ಯಂತ್ರಕ್ಕೆ ಒಪ್ಪಿಸಿದರೆ ಆಗದೆ?

೧೯೬೨ರಲ್ಲಿ ವಿಮಾನ ಪ್ರಯಾಣದಲ್ಲಿ ಅವನ ಪಕ್ಕಕ್ಕೆ ಕುಳಿತಿದ್ದಾತ ಕೆನಡಾ ಸರಕಾರದ ಕೃಷಿ ಇಲಾಖೆಯ ಲೀ ಪ್ರಾಟ್. ದೇಶದ ವಾಸಯೋಗ್ಯ ಭಾಗದ ಭೂಮಿಯನ್ನೆಲ್ಲ ವರ್ಗೀಕರಿಸುವ ದೊಡ್ಡದೊಂದು ಕಾರ್ಯ ಆತನ ಹೆಗಲ ಮೇಲಿತ್ತು: ಬೇಸಾಯಕ್ಕೆ ಯಾವುದು, ಕಾಡಿಗೆ ಯಾವುದು, ವನ್ಯಮೃಗಗಳಿಗೆ ಯಾವುದು, ವಿಹಾರಕ್ಕೆ ಯಾವುದು ಎಂದು. ಸಾವಿರಾರು ಹಾಳೆಗಳ ನಕ್ಷೆ. ಅವನ್ನು ಕೈಯಿಂದ ಅಳೆದು ಹೋಲಿಸಲು ಐನೂರಕ್ಕೂ ಹೆಚ್ಚು ಮಂದಿ ಕುಶಲಿಗಳು ಮೂರು ವರ್ಷ ದುಡಿಯಬೇಕೆಂದು ಅಂದಾಜು. ಅಷ್ಟು ಮಂದಿ ದೇಶದಲ್ಲಿಯೇ ಇರಲಿಲ್ಲ. ವಿಮಾನ ಇಳಿಯುವ ಹೊತ್ತಿಗೆ ಸಮಸ್ಯೆಯುಳ್ಳವನಿಗೂ ಉತ್ತರವುಳ್ಳವನಿಗೂ ಪರಿಚಯವಾಗಿತ್ತು. ಕೆನಡಾ ಭೌಗೋಳಿಕ ಮಾಹಿತಿ ವ್ಯವಸ್ಥೆ ಹುಟ್ಟಿದ್ದು ಹೀಗೆ.

ಅದಕ್ಕೆ ಬೇಕಾದ ಸಲಕರಣೆಗಳಲ್ಲಿ ಕೆಲವು ಆಗಿನ್ನೂ ಜಗತ್ತಿನಲ್ಲೇ ಇರಲಿಲ್ಲ. ನಕ್ಷೆಯ ಹಾಳೆಯನ್ನು ಸುತ್ತಿ, ತಿರುಗಿಸಿ, ಗೆರೆ ಇದೆಯೋ ಇಲ್ಲವೋ ಎಂದು ಚುಕ್ಕೆ ಚುಕ್ಕೆಯಾಗಿ ಓದುವ ದೊಡ್ಡ ಉರುಳೆಯೊಂದನ್ನು ಐಬಿಎಂ ಸಂಸ್ಥೆ ಇದಕ್ಕೆಂದೇ ತಯಾರಿಸಿತು. ಅದೀಗ ಒಟ್ಟಾವಾದ ವಸ್ತುಸಂಗ್ರಹಾಲಯದಲ್ಲಿದೆ. ಗಣಕಯಂತ್ರವೋ, ಐಬಿಎಂ ೩೬೦ರ ೬೫ನೆಯ ಮಾದರಿ. ಒಂದು ಕೋಣೆಯನ್ನೇ ತುಂಬುವಂಥದು. ಅದರ ಸ್ಮರಣೆ ೫೧೨ ಕಿಲೋಬೈಟ್. ಇಂದು ೮ ಗಿಗಾಬೈಟ್ ಸ್ಮರಣೆಯುಳ್ಳ ಸಾಧಾರಣ ಕೈಫೋನಿನಲ್ಲಿ ಅದರ ಹದಿನಾರು ಸಾವಿರ ಪಾಲು ಅಡಗಿದೆ ಎಂದರೆ ವಾಚಕರು ನಗಬಹುದು. ಆದರೆ ಆ ಇಕ್ಕಟ್ಟಿನಲ್ಲೇ ಬುದ್ಧಿ ಹರಿತವಾಯಿತು. ದೇಶದ ನಕ್ಷೆಯನ್ನು ಚೌಕಗಳಾಗಿ ಕತ್ತರಿಸಿ, ನೆಲದ ಮೇಲೆ ನೆರೆಹೊರೆಯಾದ ಚೌಕಗಳು ಟೇಪಿನ ಮೇಲೂ ಆದಷ್ಟು ನೆರೆಹೊರೆಯಾಗಿಯೇ ಬರುವಂತೆ ಜೋಡಿಸುವ ಕ್ರಮವನ್ನು ಗೈ ಮಾರ್ಟನ್ ಎಂಬ ಐಬಿಎಂ ನೌಕರ ೧೯೬೬ರಲ್ಲಿ ಹೂಡಿದ. ಮಾರ್ಟನ್ ಕ್ರಮವೆಂಬ ಹೆಸರಿನಿಂದ ಅದು ಇಂದಿಗೂ ಬಳಕೆಯಲ್ಲಿದೆ.

ಅಕ್ಷರಗಳಿಂದ ಮಾಡಿದ ಚಿತ್ರ

ಸರಕಾರದ ಬೊಕ್ಕಸವಿಲ್ಲದವರು ಏನು ಮಾಡಬೇಕು? ಇದಕ್ಕೊಂದು ಉತ್ತರವನ್ನು ಕೊಟ್ಟವನು ಹಾವರ್ಡ್ ಫಿಶರ್ ಎಂಬ ಅಮೆರಿಕದ ವಾಸ್ತುಶಿಲ್ಪಿ. ವಿಶ್ವವಿದ್ಯಾಲಯಗಳಲ್ಲಿ ಆಗ ಚಿತ್ರ ಬರೆಯುವ ಯಂತ್ರಗಳು ದುರ್ಲಭ. ಸಂಬಳದ ಪಟ್ಟಿ, ಪರೀಕ್ಷೆಯ ಅಂಕ ಮುಂತಾದುವನ್ನು ಸಾಲುಸಾಲಾಗಿ ಅಚ್ಚು ಹಾಕುವ ಮುದ್ರಣಯಂತ್ರ ಮಾತ್ರ ಎಲ್ಲೆಡೆಯೂ ಉಂಟು. ಅದರಿಂದಲೇ ನಕ್ಷೆ ಬರೆಸಿದರೇನು ಎಂದು ಫಿಶರ್ ಯೋಚಿಸಿದ. ಜನ ವಿರಳವಾಗಿರುವ ಕಡೆ ಒಂದು ಚುಕ್ಕೆ, ದಟ್ಟವಾಗಿರುವ ಕಡೆ ಒಂದು ಅಕ್ಷರ. ಕಡುಕಪ್ಪು ಬೇಕಾದಲ್ಲಿ ‘ಓ’, ‘ಎಕ್ಸ್’, ‘ಎ’, ‘ವಿ’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದರ ಮೇಲೊಂದು ಅಚ್ಚೊತ್ತುವುದು. ದೂರ ನಿಂತು ನೋಡಿದರೆ ನೆರಳು ಬೆಳಕಿನ ನಕ್ಷೆ. ಹತ್ತಿರ ಹೋದರೆ ಅರ್ಥವಿಲ್ಲದ ಅಕ್ಷರಮಾಲೆ! ಸಿಮ್ಯಾಪ್ ಎಂಬ ಈ ಕಾರ್ಯಕ್ರಮವನ್ನು ಬೆಟ್ಟಿ ಬೆನ್ಸನ್ ಎಂಬಾಕೆ ಗಣಕದ ಭಾಷೆಯಲ್ಲಿ ಬರೆದುಕೊಟ್ಟಳು. ೧೯೬೫ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಫಿಶರ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದ.

ಇದಕ್ಕೆ ಬೇಕಾದದ್ದು ರಂಧ್ರ ಕೊರೆದ ಕಾರ್ಡುಗಳ ಒಂದು ಕಟ್ಟು, ವಿಶ್ವವಿದ್ಯಾಲಯದ ಯಂತ್ರದಲ್ಲಿ ಕೆಲವು ನಿಮಿಷಗಳ ಸರದಿ. ಆದರೆ ಮುದ್ರಣಯಂತ್ರ ಅಂಗುಲಕ್ಕೆ ಹತ್ತು ಅಕ್ಷರ ಮಾತ್ರ ಹೊಡೆಯಬಲ್ಲದು. ಅದಕ್ಕಿಂತ ಸೂಕ್ಷ್ಮವಾದುದೆಲ್ಲ ನಕ್ಷೆಯಿಂದ ಉದುರಿಹೋಗುತ್ತಿತ್ತು. ಯಂತ್ರಕ್ಕೆ ಕಾಣದ್ದು ನಕ್ಷೆಗೂ ಕಾಣದು ಎಂಬುದು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಪಲ್ಲವಿ.

ಮೇಜಿನ ಮೇಲಕ್ಕೆ

ಆ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗಳಲ್ಲಿ ಜಾಕ್ ಡೇಂಜರ್‌ಮಂಡ್ ಒಬ್ಬ. ೧೯೬೯ರಲ್ಲಿ ಅವನೂ ಅವನ ಪತ್ನಿ ಲಾರಾಳೂ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ಎಂಬ ಊರಿನಲ್ಲಿ ಎಸ್ರಿ ಎಂಬ ಸಂಸ್ಥೆಯನ್ನು ಕಟ್ಟಿದರು. ೧೯೮೨ರಲ್ಲಿ ಅವರು ಹೊರತಂದ ‘ಆರ್ಕ್‌ಇನ್‌ಫೋ’ ಓಡುತ್ತಿದ್ದುದು ಬೀರುವಿನ ಗಾತ್ರದ ಮಿನಿ ಗಣಕಯಂತ್ರಗಳ ಮೇಲೆ. ಕೋಣೆ ತುಂಬುವ ಯಂತ್ರ ಬೀರುವಿನಷ್ಟಾಯಿತು. ಇನ್ನು ಮೇಜಿಗೆ ಏರುವುದಷ್ಟೇ ಬಾಕಿ. ೧೯೮೬ನೆಯ ಇಸವಿಯಲ್ಲಿ ಅದೂ ಆಯಿತು. ಆ ವರ್ಷ ಎಸ್ರಿ ಸಂಸ್ಥೆಯ ತಂತ್ರಾಂಶ ಪಿಸಿಗೆ ಇಳಿದು ಬಂದಿತು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನದ ಟ್ರಾಯ್ ನಗರದಲ್ಲಿ ನಾಲ್ವರು ವಿದ್ಯಾರ್ಥಿಗಳು ಮ್ಯಾಪ್‌ಇನ್‌ಫೋ ಸಂಸ್ಥೆಯನ್ನು ತೆರೆದು, ಮೇಜಿನ ಮೇಲಿನ ನಕ್ಷೆಗೆ ಒಂದು ಮಾರುಕಟ್ಟೆಯನ್ನೇ ಮಾಡಿಕೊಂಡರು.

ಹೇಗಿತ್ತು ಆ ಮೇಜಿನ ಯಂತ್ರ? ೧೯೮೪ರಲ್ಲಿ ಬಂದ ಐಬಿಎಂ ಎಟಿ ಮಾದರಿಯನ್ನೇ ನೋಡೋಣ. ಸೆಕೆಂಡಿಗೆ ೬೦ ಲಕ್ಷ ಮಿಡಿತಗಳ ಪ್ರೊಸೆಸರ್, ೨೦ ಮೆಗಾಬೈಟಿನ ಡಿಸ್ಕು. ಕಾರ್ಯವ್ಯವಸ್ಥೆಯಾದ ಡಾಸ್ ಒಪ್ಪುತ್ತಿದ್ದುದು ೬೪೦ ಕಿಲೋಬೈಟ್ ಸ್ಮರಣೆಯನ್ನು ಮಾತ್ರ. ಅಂದರೆ ಕೆನಡಾ ದೇಶವನ್ನೆಲ್ಲ ಅಳೆದ ಯಂತ್ರಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ಅದನ್ನು ಈಗ ಒಬ್ಬ ಮನುಷ್ಯ ತನ್ನದೆನ್ನಬಹುದಾಗಿತ್ತು.

ನಕ್ಷೆಯ ತಂತ್ರಾಂಶ ಉಳಿದ ತಂತ್ರಾಂಶಗಳಿಗಿಂತ ಹೆಚ್ಚು ಬೇಡುವುದೇಕೆಂಬುದನ್ನು ಇಲ್ಲಿ ಹೇಳಬೇಕು. ಪತ್ರ ಬರೆಯುವವನಿಗೆ ಅಕ್ಷರಗಳು ಸಾಕು. ಅಂಗಡಿಯ ಲೆಕ್ಕಕ್ಕೆ ರೂಪಾಯಿ ಪೈಸೆ ಸಾಕು. ನಕ್ಷೆಯಲ್ಲಿ ಹೊಳೆಯ ಒಂದು ಬಳುಕಿಗೆ ನೂರು ಬಿಂದು. ಪ್ರತಿಯೊಂದು ಬಿಂದುವಿಗೂ ದಶಮಾಂಶದ ಎರಡು ಉದ್ದುದ್ದ ಸಂಖ್ಯೆಗಳು. ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟರೆ ಈ ಗೆರೆ ಆ ಗೆರೆಯನ್ನು ಎಲ್ಲಿ ಕತ್ತರಿಸುವುದೆಂದು ಲಕ್ಷಾಂತರ ಸಲ ಲೆಕ್ಕ ಹಾಕಬೇಕು. ಆಗಿನ ಪ್ರೊಸೆಸರುಗಳಿಗೆ ದಶಮಾಂಶದ ಲೆಕ್ಕ ಸಹಜವಾಗಿ ಬಾರದು, ಸುತ್ತುಬಳಸಿ ಮಾಡಬೇಕಾಗಿತ್ತು. ಆದುದರಿಂದ ಗಣಿತಕ್ಕೆಂದೇ ಇನ್ನೊಂದು ಬಿಲ್ಲೆಯನ್ನು ಕೊಂಡು ಪಕ್ಕದಲ್ಲಿ ಕೂರಿಸುತ್ತಿದ್ದರು. ಸಿಕ್ದಾರನ ಹುದ್ದೆಗೆ ಬಂದ ಹೊಸ ಗುಮಾಸ್ತೆ ಅದು ಎನ್ನಬಹುದು. ೧೯೮೯ರ ೪೮೬ ಮಾದರಿಯಿಂದೀಚೆಗೆ ಈ ಗುಮಾಸ್ತೆ ಪ್ರೊಸೆಸರಿನ ಒಳಗೇ ಸಂಸಾರ ಹೂಡಿದ್ದಾನೆ.

ಈಗ ಲ್ಯಾಂಬ್ಟನ್ನನ ಅಂಗುಲಗಳಿಗೆ ಬರೋಣ. ಸ್ಮರಣೆಯನ್ನು ಉಳಿಸುವುದಕ್ಕಾಗಿ ಸಂಖ್ಯೆಗಳನ್ನು ಚಿಕ್ಕ ರೂಪದಲ್ಲಿ ಇಡುವ ಪದ್ಧತಿಯೊಂದುಂಟು; ಅದರಲ್ಲಿ ನಂಬತಕ್ಕವು ಸುಮಾರು ಏಳು ಅಂಕಿಗಳು. ಸಮಭಾಜಕ ವೃತ್ತದಿಂದ ಬೆಂಗಳೂರಿಗಿರುವ ದೂರ ಹದಿನಾಲ್ಕು ಲಕ್ಷ ಮೀಟರುಗಳಿಗೂ ಹೆಚ್ಚು. ಅದನ್ನು ಬರೆಯುವುದರಲ್ಲಿಯೇ ಏಳು ಅಂಕಿ ಮುಗಿದುವು. ಅಂಗುಲಗಳಿಗೆ ಜಾಗವೇ ಉಳಿಯಲಿಲ್ಲ! ಸರಪಳಿ ಹಿಡಿದ ಮನುಷ್ಯರು ಬಿಸಿಲಿನಲ್ಲಿ ನಿಂತು ಸಾಧಿಸಿದ ನಿಖರತೆಯನ್ನು ಯಂತ್ರವು ನೆರಳಿನಲ್ಲಿ ಕುಳಿತು ಕಳೆಯಬಲ್ಲದಾಗಿತ್ತು. ಸಂಖ್ಯೆಗೆ ಇಮ್ಮಡಿ ಸ್ಥಳ ಕೊಟ್ಟರೆ ಹದಿನೈದು ಅಂಕಿಗಳು ದೊರೆಯುತ್ತವೆ. ಆದರೆ ಸ್ಮರಣೆಯೂ ಡಿಸ್ಕೂ ಇಮ್ಮಡಿ ಬೇಕು. ಪಟ್ಟಿಯ ಒಂದೊಂದು ಬಾಬಿನ ಹಿಂದೆಯೂ ಇಂಥದೊಂದು ಚೌಕಾಸಿ ಇದೆ.

ತೆರೆಯ ಮಾತೂ ಹಾಗೆಯೇ. ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ನಮ್ಮ ಸರ್ವೆ ಹಾಳೆ ಕರ್ನಾಟಕದ ಅಕ್ಷಾಂಶದಲ್ಲಿ ನೆಲದ ಮೇಲೆ ಸುಮಾರು ೨೭ ಕಿಲೋಮೀಟರು ಚೌಕವನ್ನು ತೋರಿಸುತ್ತದೆ. ಹಾಳೆಯ ಮೇಲೆ ಅದು ೫೪ ಸೆಂಟಿಮೀಟರು. ಮಿಲಿಮೀಟರಿಗೆ ಹತ್ತು ಚುಕ್ಕೆಯ ಸೂಕ್ಷ್ಮತೆ ಬೇಕೆಂದರೆ ಅಡ್ಡಕ್ಕೆ ೫,೪೦೦ ಚುಕ್ಕೆಗಳಾದುವು. ೧೯೮೭ರ ವಿಜಿಎ ತೆರೆಯಲ್ಲಿ ಅಡ್ಡಕ್ಕೆ ಇದ್ದುದು ೬೪೦ ಚುಕ್ಕೆ. ಕಿಟಕಿಯ ಸಂದಿಯಿಂದ ತೇರು ನೋಡಿದಂತೆ ನಕ್ಷೆಯನ್ನು ತುಣುಕು ತುಣುಕಾಗಿ ನೋಡಬೇಕಾಗಿತ್ತು. ಕಾಗದದ ಹಾಳೆಯನ್ನು ಯಂತ್ರಕ್ಕೆ ಉಣಿಸಲು ವಿದ್ಯುತ್ ಜಾಲವನ್ನು ಹುದುಗಿಸಿದ ಇಳಿಜಾರು ಮೇಜು ಬೇಕು. ಅದರ ಮೇಲೆ ಕೂದಲೆಳೆಯ ಗುರಿಯುಳ್ಳ ಸಾಧನವನ್ನು ಹಿಡಿದು ಗೆರೆಗಳನ್ನೆಲ್ಲ ಕೈಯಿಂದಲೇ ಸವರಬೇಕು. ಕೊನೆಗೆ ಬಣ್ಣದ ಲೇಖನಿಗಳನ್ನು ಹಿಡಿದು ತಾನೇ ಓಡಾಡಿ ಗೆರೆ ಎಳೆಯುವ ಪ್ಲಾಟರ್ ಯಂತ್ರ ಬೇಕು. ಗಣಕಯಂತ್ರ ಮೇಜಿಗೆ ಬಂದರೂ ಅದರ ಪರಿವಾರಕ್ಕೆ ಕೋಣೆ ಬೇಕೇ ಬೇಕಾಗಿತ್ತು.

ಆಕಾಶದಿಂದ ಬಂದ ಹೊರೆ

ಈ ನಡುವೆ ನಕ್ಷೆಯ ಹಸಿವು ಇನ್ನೊಂದು ದಾರಿಯಿಂದ ಹೆಚ್ಚಿತು. ೧೯೮೮ರ ಮಾರ್ಚ್ ೧೭ರಂದು, ಬೆಂಗಳೂರಿನಲ್ಲಿ ಸಿದ್ಧವಾದ ಐಆರ್‌ಎಸ್-೧ಎ ಉಪಗ್ರಹ ಸೋವಿಯತ್ ದೇಶದ ಬೈಕನೂರಿನಿಂದ ಆಕಾಶಕ್ಕೇರಿತು. ಅದರ ಒಂದು ಕ್ಯಾಮೆರಾ ನೆಲವನ್ನು ೭೨.೫ ಮೀಟರು ಚೌಕದ ಚುಕ್ಕೆಗಳಾಗಿ ಕಾಣುತ್ತಿತ್ತು. ಆ ಲೆಕ್ಕದಲ್ಲಿ ಮೇಲೆ ಹೇಳಿದ ಒಂದು ಸರ್ವೆ ಹಾಳೆಯ ನೆಲಕ್ಕೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಚುಕ್ಕೆಗಳು. ಅಷ್ಟನ್ನು ಹಳೆಯ ಪಿಸಿ ಹೇಗೋ ನುಂಗಬಲ್ಲದು. ೧೯೯೫ರ ಐಆರ್‌ಎಸ್-೧ಸಿ ೫.೮ ಮೀಟರಿನಷ್ಟು ಸೂಕ್ಷ್ಮವಾಗಿ ನೋಡಿತು. ಚುಕ್ಕೆಗಳು ಎರಡು ಕೋಟಿ ಮೀರಿದುವು. ಒಂದು ಮೀಟರಿನ ಚಿತ್ರವಾದರೆ ಅದೇ ಹಾಳೆಗೆ ಸುಮಾರು ಎಪ್ಪತ್ತಮೂರು ಕೋಟಿ. ಮೂರು ಬಣ್ಣಗಳಿಗೆ ಮೂರರಷ್ಟು.

ನೋಟ ಹತ್ತು ಪಾಲು ಹರಿತವಾದರೆ ಹೊರೆ ನೂರು ಪಾಲಾಗುವುದು. ಇದೇ ಇಲ್ಲಿಯ ಸೂತ್ರ. ಯಂತ್ರಗಳು ವರ್ಷ ವರ್ಷಕ್ಕೂ ಬಲಿತರೂ ನಕ್ಷೆಯವನ ದೂರು ನಿಲ್ಲದಿರುವುದಕ್ಕೆ ಕಾರಣ ಇದು. ಸ್ಮರಣೆ ಸಾಲದು ಎಂದು ೧೯೮೬ರಲ್ಲಿ ಗೊಣಗುತ್ತಿದ್ದವನ ಉತ್ತರಾಧಿಕಾರಿ ಇಂದೂ ಅದನ್ನೇ ಗೊಣಗುತ್ತಾನೆ. ಮನೆಯ ವರಮಾನ ಏರಿದಂತೆ ಖರ್ಚೂ ಏರುವ ಅನುಭವ ನಮ್ಮ ವಾಚಕರಿಗೆ ಹೊಸದೇನಲ್ಲ.

ಪುಕ್ಕಟೆಯ ತಂತ್ರಾಂಶ, ಬೀಗ ಹಾಕಿದ ನಕ್ಷೆ

ಯಂತ್ರ ಅಗ್ಗವಾದರೂ ತಂತ್ರಾಂಶ ದುಬಾರಿಯಾಗಿಯೇ ಇತ್ತು. ಆ ಕಂತಕವನ್ನು ದಾಟಿಸಿದ್ದು ಎರಡು ಪ್ರಯತ್ನಗಳು. ಅಮೆರಿಕದ ಸೈನ್ಯದ ಎಂಜಿನಿಯರುಗಳ ಪ್ರಯೋಗಶಾಲೆಯಲ್ಲಿ ೧೯೮೨ರಿಂದ ಬೆಳೆದ ‘ಗ್ರಾಸ್’ ಎಂಬ ತಂತ್ರಾಂಶ ಸಾರ್ವಜನಿಕರ ಸ್ವತ್ತಾಗಿ ಹೊರಬಂದಿತು. ಎರಡನೆಯದು, ಅಲಾಸ್ಕಾದ ಗ್ಯಾರಿ ಶರ್ಮನ್ ೨೦೦೨ರಲ್ಲಿ ಲಿನಕ್ಸ್ ಯಂತ್ರದ ಮೇಲೆ ನಕ್ಷೆ ನೋಡಲೆಂದು ಆರಂಭಿಸಿದ ‘ಕ್ಯೂಜಿಐಎಸ್’. ಲೋಕದ ನಾನಾ ಕಡೆಯ ಕೈಗಳು ಸೇರಿ ೨೦೦೯ರಲ್ಲಿ ಅದು ತನ್ನ ಮೊದಲನೆಯ ಪೂರ್ಣ ಆವೃತ್ತಿಯನ್ನು ಕಂಡಿತು. ಇಂದು ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದಾದರೂ ಸರಿ, ಮಧ್ಯಮ ದರ್ಜೆಯ ಲ್ಯಾಪ್‌ಟಾಪು, ೮ ಗಿಗಾಬೈಟ್ ಸ್ಮರಣೆ, ಡಿಸ್ಕಿನಲ್ಲಿ ಒಂದಿಷ್ಟು ಬಿಡುವು ಇದ್ದರೆ ಇದು ನೆಮ್ಮದಿಯಾಗಿ ನಡೆಯುತ್ತದೆ. ದೊಡ್ಡ ಉಪಗ್ರಹ ಚಿತ್ರಗಳ ಸಹವಾಸ ಮಾಡುವವರು ಸ್ಮರಣೆಯನ್ನು ಇಮ್ಮಡಿ ಮಾಡಿಕೊಳ್ಳಬಹುದು. ಬೆಲೆ ಸೊನ್ನೆ. ಲ್ಯಾಂಬ್ಟನ್ನನಿಗೆ ಒಂದು ಸಾಮ್ರಾಜ್ಯವೇ ಬೇಕಾಗಿದ್ದ ಕೆಲಸದ ದೊಡ್ಡ ಭಾಗಕ್ಕೆ ಈಗ ಕಾಲೇಜಿನ ಹುಡುಗಿಯೊಬ್ಬಳ ಬೆನ್ನಚೀಲ ಸಾಕು.

ಆದರೆ ಯಂತ್ರವಿದ್ದು ನಕ್ಷೆಯೇ ಇಲ್ಲದಿದ್ದರೆ? ನಮ್ಮ ದೇಶದಲ್ಲಿ ಬಹುಕಾಲ ಆ ಸ್ಥಿತಿಯಿತ್ತು. ೧೭೬೭ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಬಳಿ ದೇಶದ ಉತ್ತಮ ನಕ್ಷೆಗಳೆಲ್ಲ ಇದ್ದುವು. ಗಡಿಯ ಮತ್ತು ಕರಾವಳಿಯ ಅನೇಕ ಹಾಳೆಗಳಿಗೆ ಮಾತ್ರ ನಿರ್ಬಂಧದ ಮುದ್ರೆ. ಅಮೆರಿಕದ ಜನಗಣತಿ ಇಲಾಖೆ ೧೯೯೦ರ ಗಣತಿಗಾಗಿ ತಯಾರಿಸಿದ ಬೀದಿ ಬೀದಿಯ ನಕ್ಷೆಯನ್ನು ಅಗ್ಗದ ಬೆಲೆಗೆ ಜನರಿಗೆ ಕೊಟ್ಟಿತು. ಅಲ್ಲಿ ಮೇಜಿನ ನಕ್ಷೆಯ ಉದ್ಯಮ ಬೆಳೆದದ್ದಕ್ಕೆ ಒಂದು ಮುಖ್ಯ ಕಾರಣ ಅದೇ. ನಮ್ಮಲ್ಲಿ ೨೦೦೫ರ ರಾಷ್ಟ್ರೀಯ ನಕ್ಷಾನೀತಿಯು ರಕ್ಷಣಾ ಶ್ರೇಣಿ, ಮುಕ್ತ ಶ್ರೇಣಿ ಎಂದು ನಕ್ಷೆಗಳನ್ನು ಎರಡಾಗಿ ವಿಂಗಡಿಸಿತು. ೨೦೦೯ರಲ್ಲಿ ಇಸ್ರೋ ಸಂಸ್ಥೆಯ ‘ಭುವನ್’ ಬಂದಿತು. ೨೦೨೧ರ ಫೆಬ್ರವರಿ ೧೫ರ ಮಾರ್ಗಸೂಚಿಗಳು, ಭಾರತೀಯರು ನಕ್ಷೆ ಮಾಡಲು ಮುಂಚಿತವಾಗಿ ಅನುಮತಿ ಪಡೆಯಬೇಕಾದ ಕಟ್ಟಳೆಯನ್ನು ಬಹುಮಟ್ಟಿಗೆ ತೆಗೆದುಹಾಕಿದುವು. ಯಂತ್ರ ಮೇಜಿಗೆ ಬಂದದ್ದು ೧೯೮೬ರಲ್ಲಿ. ಅದರ ಮೇಲೆ ನಮ್ಮ ನೆಲವನ್ನು ಬರೆಯುವ ಸ್ವಾತಂತ್ರ್ಯ ಬಂದದ್ದು ಮೂವತ್ತೈದು ವರ್ಷಗಳ ಮೇಲೆ. ಪೆಟ್ಟಿಗೆಯ ಬೆನ್ನಿನ ಪಟ್ಟಿಯಲ್ಲಿ ಈ ಬಾಬು ಎಂದೂ ಅಚ್ಚಾಗಿರಲಿಲ್ಲ.

ಊರಿನ ಹೆಸರು

ಅಚ್ಚಾಗದ ಬಾಬು ಇನ್ನೊಂದುಂಟು. ಲ್ಯಾಂಬ್ಟನ್, ಮೆಕೆಂಜಿಯರ ಕಾಲದ ಹಾಳೆಗಳಲ್ಲಿ ನಮ್ಮ ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಗಿದೆ. ಅಂದು ಬರೆದವರ ಕಿವಿ ಅಷ್ಟು. ಆದರೆ ೧೯೯೦ರ ದಶಕದಲ್ಲಿ ಕನ್ನಡಿಗನೇ ಕುಳಿತು ತನ್ನ ತಾಲ್ಲೂಕಿನ ನಕ್ಷೆ ಬರೆದಾಗಲೂ ಊರುಗಳ ಹೆಸರು ಇಂಗ್ಲಿಷಿನಲ್ಲಿಯೇ ಬೀಳುತ್ತಿತ್ತು. ಯಂತ್ರಕ್ಕೆ ಕನ್ನಡ ಬಾರದು. ಇಂಗ್ಲಿಷ್ ಅಕ್ಷರಗಳು ಮಣಿಗಳಂತೆ ಸಾಲಾಗಿ ನಿಂತರಾಯಿತು. ಕನ್ನಡದ ‘ಶ್ರೀ’ ಬರೆಯಲು ಶಕಾರ, ರಕಾರದ ಒತ್ತು, ಈಕಾರದ ಗುಣಿತ ಮೂರೂ ಕೂಡಿ ಹೊಸ ಆಕೃತಿ ತಾಳಬೇಕು. ೧೯೯೧ರ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತರೂ, ಈ ಕೂಡಿಕೆಯ ವಿದ್ಯೆ ಸಾಧಾರಣ ಪಿಸಿಗೆ ಬಂದದ್ದು ೨೦೦೧ರ ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೆ. ನಕ್ಷೆಯ ತಂತ್ರಾಂಶಗಳು ಅದನ್ನು ಕಲಿಯಲು ಇನ್ನಷ್ಟು ಕಾಲ ಹಿಡಿಯಿತು. ಅಲ್ಲಿಯವರೆಗೆ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗಿ, ಊರಿನವನೇ ಊರಿನ ಹೆಸರನ್ನು ಓದಲಾರದಂತಾಗುತ್ತಿತ್ತು. ಈಗ ಆ ತೊಡಕು ತೀರಿದೆ. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಪ್ರಾರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಪ್ರತಿಯೊಂದು ಸ್ಥಳಕ್ಕೂ ಕನ್ನಡದ ಹೆಸರನ್ನು ಬೇರೆಯಾಗಿ ದಾಖಲಿಸಲು ಅವಕಾಶವುಂಟು. ಯಾರಾದರೂ ಕುಳಿತು ಬರೆಯಬೇಕು, ಅಷ್ಟೆ.

ಹೀಗೆ ಬರೆಯ ಕುಳಿತವರಿಗೆ ಒದಗುವ ಲಾಭ ಹೆಸರುಗಳಷ್ಟೇ ಅಲ್ಲ. ಬೆಂಗಳೂರಿನ ಹಳೆಯ ನಕ್ಷೆಯೊಂದನ್ನು ಯಂತ್ರಕ್ಕೆ ಒಪ್ಪಿಸಿ, ಹಳೆಯದರಲ್ಲಿಯೂ ಇಂದಿನ ಉಪಗ್ರಹ ಚಿತ್ರದಲ್ಲಿಯೂ ಗುರುತು ಸಿಕ್ಕುವ ಕೆಲವು ಬಿಂದುಗಳನ್ನು, ಒಂದು ದೇವಸ್ಥಾನ, ಕೋಟೆಯ ಒಂದು ಮೂಲೆ, ರೈಲುದಾರಿಯ ಒಂದು ತಿರುವು, ಹೊಂದಿಸಿಕೊಟ್ಟರೆ ತಂತ್ರಾಂಶವು ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ. ಆಗ ಕೆಂಪೇಗೌಡ ಬಸ್ ನಿಲ್ದಾಣದ ಅಡಿಯಿಂದ ಧರ್ಮಾಂಬುಧಿ ಕೆರೆ ಮೇಲೇಳುತ್ತದೆ. ಕಂಠೀರವ ಕ್ರೀಡಾಂಗಣದ ಅಡಿಯಿಂದ ಸಂಪಂಗಿ ಕೆರೆ. ಮಳೆ ಬಂದಾಗ ನೀರೇಕೆ ನಮ್ಮ ಬೀದಿಗೇ ಬರುತ್ತದೆಂದು ಶಪಿಸುವವನು, ತನ್ನ ಬಡಾವಣೆಯ ಮೇಲೆ ಹಳೆಯ ಹಾಳೆಯನ್ನು ಹೀಗೆ ಒಮ್ಮೆ ಹೊದಿಸಿ ನೋಡಬಹುದು. ಕಾಲುವೆ ಎಲ್ಲಿ ಹರಿಯುತ್ತಿತ್ತೆಂಬುದಕ್ಕೆ ಸರಕಾರದ ಕಡತವನ್ನೋ ನಿವೇಶನ ಮಾರುವವನ ಬಾಯನ್ನೋ ನಂಬಿಯೇ ತೀರಬೇಕಾದ ಕಾಲ ಕಳೆಯಿತು. ನೋಡುವ ಯಂತ್ರ ಮನೆಯಲ್ಲಿಯೇ ಇದೆ.

ಇಲ್ಲಿಗೆ ಪಟ್ಟಿಯ ಕಥೆ ಒಂದು ಸುತ್ತು ಬಂದಂತಾಯಿತು. ಇನ್ನೂರು ವರ್ಷಗಳ ಕಾಲ, ನಮ್ಮ ನೆಲದ ನಕ್ಷೆಯನ್ನು ನಾವು ಬರೆಯಲಿಲ್ಲವೇಕೆ ಎಂದರೆ, ನಮ್ಮಲ್ಲಿ ಯಂತ್ರವಿಲ್ಲ, ಹಣವಿಲ್ಲ, ಅನುಮತಿಯಿಲ್ಲ, ಲಿಪಿಯಿಲ್ಲ ಎಂದು ಉತ್ತರ ಹೇಳಬಹುದಾಗಿತ್ತು. ಆ ಉತ್ತರಗಳು ಸುಳ್ಳೂ ಆಗಿರಲಿಲ್ಲ. ಒಂದೊಂದಾಗಿ ಅವೆಲ್ಲ ಪಟ್ಟಿಯಿಂದ ಅಳಿಸಿಹೋಗಿವೆ. ಉಳಿದಿರುವುದು, ಈ ಹಳ್ಳದ ಹೆಸರೇನು, ಈ ಗುಂಡುತೋಪು ಎಲ್ಲಿಯವರೆಗೆ ಇತ್ತು ಎಂದು ಬಲ್ಲ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸ. ಅದಕ್ಕೆ ಬೇಕಾದ ಸಲಕರಣೆ ಯಾವ ಪೆಟ್ಟಿಗೆಯ ಬೆನ್ನಿನ ಮೇಲೂ ಅಚ್ಚಾಗುವಂಥದಲ್ಲ.